ಒಂದು ‘ನೇರೊ’, ಮೂರು ಗುಟುಕು

ತ್ರಿಯೆಸ್ತೆಯಲ್ಲಿ ಎಸ್ಪ್ರೆಸೊ ಬೇಕಾದರೆ ‘ನೇರೊ’ ಅನ್ನಬೇಕು. ಕಪ್ಪು ಎಂದಷ್ಟೇ ಅದರ ಅರ್ಥ. ಇಟಲಿಯ ಬೇರೆ ಊರುಗಳಲ್ಲಿ ‘ಉನ್ ಕಫೆ’ ಎಂದರೆ ಸಾಕು, ಎಸ್ಪ್ರೆಸೊನೇ ಕೈಗೆ ಬರುತ್ತದೆ. ಈ ಬಂದರಿನವರಿಗೆ ಮಾತ್ರ ತಮ್ಮದೇ ಕಾಫಿ ಭಾಷೆ. ಮೇಲೆ ಒಂದಿಷ್ಟು ಹಾಲಿನ ನೊರೆ ಬಿಟ್ಟರೆ ಅದು ‘ಕಾಪೊ’. ಅದೇ ಕಾಪೊ ಪುಟ್ಟ ಗಾಜಿನ ಲೋಟದಲ್ಲಿ ಬೇಕಿದ್ದರೆ ‘ಕಾಪೊ ಇನ್ ಬಿ’. 1719ರಲ್ಲಿ ಚಕ್ರವರ್ತಿ ಆರನೆಯ ಚಾರ್ಲ್ಸ್ ಈ ಊರನ್ನು ಸುಂಕವಿಲ್ಲದ ಬಂದರು ಎಂದು ಸಾರಿದ. ಮುಂದೆ ವಿಯೆನ್ನಾದ ಕಡೆಗೆ ಹೋಗುವ ಕಾಫಿ ಚೀಲಗಳು ಇಲ್ಲಿ ಇಳಿಯತೊಡಗಿದವು. ಇವತ್ತಿಗೂ ಇಟಲಿಗೆ ಹಸಿ ಕಾಫಿಬೀಜ ಬಂದಿಳಿಯುವ ದೊಡ್ಡ ಬಂದರುಗಳಲ್ಲಿ ಇದೂ ಒಂದು.

ಮಗಳು ಅಲ್ಲಿನ ಅಂತರರಾಷ್ಟ್ರೀಯ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರಕ್ಕೆ ಓದಲು ಹೋಗಿದ್ದ ವರ್ಷ, ಜನವರಿಯಲ್ಲಿ ನಾನು ಮೂರು ವಾರ ಅವಳ ಜೊತೆಗಿದ್ದೆ. ಸಕಲೇಶಪುರದ ಕಡೆಯ ನಮ್ಮ ತೋಟದಲ್ಲಿ ಅರೇಬಿಕಾ ಕುಯ್ಲು ಮುಗಿದು, ರೊಬಸ್ಟಾ ಇನ್ನೂ ಹಣ್ಣಾಗುತ್ತಿರುವ ಬಿಡುವಿನ ದಿನಗಳವು. ಅಲ್ಲಿ ‘ಬೋರಾ’ ಎಂಬ ಗಾಳಿ ಬೆಟ್ಟದಿಂದ ಸಮುದ್ರದ ಕಡೆಗೆ ಬೀಸುತ್ತದೆ. ನಮ್ಮ ಜುಲೈ ಗಾಳಿಯಷ್ಟೇ ಜೋರು, ಆದರೆ ಒಣಗಾಳಿ, ಮೂಳೆ ಕೊರೆಯುವಂಥದ್ದು. ಬೆಳಿಗ್ಗೆ ಅದರ ಹೊಡೆತಕ್ಕೆ ಶಾಲು ಬಿಗಿಹಿಡಿದುಕೊಂಡು ಬೀದಿ ತಿರುವಿನ ಬಾರಿಗೆ ಹೋಗುತ್ತಿದ್ದೆ. ಅಲ್ಲಿ ಬಾರ್ ಎಂದರೆ ಮೊದಲು ಕಾಫಿ.

ಕೂತು ಕುಡಿಯುವವರು ಕಡಿಮೆ. ಬರುತ್ತಾರೆ, ಕಟ್ಟೆಗೆ ಮೊಣಕೈ ಊರುತ್ತಾರೆ, ಎರಡು ಮಾತು, ಮೂರು ಗುಟುಕು, ಚಿಲ್ಲರೆ ಇಟ್ಟು ಹೋಗುತ್ತಾರೆ. ಎಲ್ಲ ಸೇರಿ ಐದು ನಿಮಿಷ. ಮೊದಲ ದಿನ ನನಗಿದು ಅನ್ಯಾಯ ಅನಿಸಿತು. ರಾತ್ರಿ ಫಿಲ್ಟರಿಗೆ ಪುಡಿ ಹಾಕಿ, ಬೆಳಿಗ್ಗೆ ಡಿಕಾಕ್ಷನ್ ಇಳಿದಿದೆಯೇ ಎಂದು ಬಗ್ಗಿ ನೋಡಿ, ಜಗಲಿಯ ಮೇಲೆ ಕೂತು ಲೋಟ ತಣ್ಣಗಾಗುವವರೆಗೂ ಕುಡಿಯುವವರ ಮನೆಯಿಂದ ಬಂದವಳು ನಾನು. ನಾಲ್ಕನೆಯ ದಿನದ ಹೊತ್ತಿಗೆ ತಿಳಿಯಿತು: ಇದರಲ್ಲಿ ಅವಸರವಿಲ್ಲ. ಈ ಕಾಫಿಯ ಆಯುಸ್ಸೇ ಅಷ್ಟು. ಮೇಲಿನ ನೊರೆ ಒಡೆಯುವ ಮುಂಚೆ ಕುಡಿಯಬೇಕು. ತಡಮಾಡಿದರೆ ಅದು ಬೇರೆಯದೇ ವಸ್ತುವಾಗುತ್ತದೆ.

ಕಟ್ಟೆಯ ಹಿಂದಿನ ಹೆಂಗಸಿಗೆ ಅರವತ್ತರ ಆಸುಪಾಸು. ಅವಳ ಕೈಕೆಲಸ ನೋಡುವುದೇ ಒಂದು ಸುಖ. ಹಿಡಿ ಇರುವ ಸೋಸುಬಟ್ಟಲನ್ನು ಡಬ್ಬಿಯ ಅಡ್ಡಪಟ್ಟಿಗೆ ಟಕ್ ಎಂದು ಬಡಿದು ಹಳೆಯ ಚರಟ ಉದುರಿಸುತ್ತಾಳೆ. ಆಗಷ್ಟೇ ಬೀಸಿದ ಪುಡಿ ಬಟ್ಟಲಿಗೆ ಬೀಳುತ್ತದೆ. ರವೆಗಿಂತ ಬಹಳ ನುಣ್ಣಗೆ, ಹಿಟ್ಟಿಗಿಂತ ತುಸು ತರಿ. ಒತ್ತಿ ಸಮ ಮಾಡಿ ಯಂತ್ರಕ್ಕೆ ಸಿಕ್ಕಿಸುತ್ತಾಳೆ. ಯಂತ್ರದ ತಲೆಯ ಮೇಲೆ ಬಿಸಿಯಾಗಿರಲೆಂದೇ ಜೋಡಿಸಿಟ್ಟ ಕಪ್ಪುಗಳಲ್ಲಿ ಒಂದನ್ನು ಕೆಳಗಿಡುತ್ತಾಳೆ. ಐದಾರು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಒಂದು ಕಪ್ಪು ಹನಿ, ಇನ್ನೊಂದು, ಮತ್ತೆ ದಾರದಂತೆ ಸಣ್ಣಗೆ, ತುಸು ಬಾಗಿ ಇಳಿಯುವ ಎಳೆ. ಇದಕ್ಕೆ ಅಲ್ಲಿಯವರು ಇಲಿಬಾಲ ಅನ್ನುತ್ತಾರೆ. ಕಪ್ಪಿದ್ದ ಎಳೆ ಕಂದಾಗಿ, ಜೇನಿನ ಬಣ್ಣಕ್ಕೆ ತಿರುಗುವಷ್ಟರಲ್ಲಿ ಅವಳ ಕೈ ಗುಂಡಿಯ ಮೇಲಿರುತ್ತದೆ.

ಈ ಹದಕ್ಕೆ ಲೆಕ್ಕವೂ ಇದೆ. ಇಟಲಿಯ ರಾಷ್ಟ್ರೀಯ ಎಸ್ಪ್ರೆಸೊ ಸಂಸ್ಥೆ ಬರೆದಿಟ್ಟ ಪ್ರಕಾರ 7 ಗ್ರಾಂ ಪುಡಿ, 88 ಡಿಗ್ರಿ ಸೆಲ್ಸಿಯಸ್ ನೀರು, 9 ಬಾರ್ ಒತ್ತಡ, 25 ಸೆಕೆಂಡು, ಕಪ್ಪಿನಲ್ಲಿ ನೊರೆಯೂ ಸೇರಿ 25 ಮಿಲಿಲೀಟರ್. ಏಳು ಗ್ರಾಂ ಎಂದರೆ ಹೆಚ್ಚುಕಡಿಮೆ ಐವತ್ತು ಬೀಜ. ಇಪ್ಪತ್ತೈದು ಮಿಲಿಲೀಟರ್ ಎಂದರೆ ಐದು ಚಮಚ ಔಷಧಿಯಷ್ಟು. ಒಂಬತ್ತು ಬಾರ್ ಎಂದರೇನು ಎಂದು ಮಗಳನ್ನು ಕೇಳಿದೆ. ‘ತೊಂಬತ್ತು ಮೀಟರ್ ಎತ್ತರದ ನೀರಿನ ಕಂಬ ಪುಡಿಯ ಮೇಲೆ ನಿಂತ ಹಾಗೆ, ಅಮ್ಮ’ ಎಂದಳು. ಜೋಗ 253 ಮೀಟರ್. ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು. ನಮ್ಮ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಜಿನುಗುತ್ತದೆ. ಇಲ್ಲಿ ಜೋಗದ ಮೂರನೇ ಒಂದು ಪಾಲಿಗಿಂತ ಹೆಚ್ಚಿನ ಭಾರ ಏಳು ಗ್ರಾಂ ಪುಡಿಯನ್ನು ಹಿಂಡುತ್ತದೆ. ಎಸ್ಪ್ರೆಸೊ ಎಂಬ ಹೆಸರಿನಲ್ಲೂ ಹಿಂಡಿ ತೆಗೆದದ್ದು ಎಂಬ ಅರ್ಥವಿದೆ. ಬೇಗನೆಯದು, ಕೇಳಿದವರಿಗೆಂದೇ ಮಾಡಿದ್ದು ಎಂಬ ಅರ್ಥಗಳೂ ಅದರೊಳಗಿವೆ.

ಕಪ್ಪು ಮುಂದೆ ಬಂದಾಗ ಮೊದಲು ನೋಡಬೇಕು. ಮೇಲಿನ ನೊರೆಯನ್ನು ಅವರು ‘ಕ್ರೇಮಾ’ ಅನ್ನುತ್ತಾರೆ, ಅಂದರೆ ಕೆನೆ. ಒಳ್ಳೆಯ ಕ್ರೇಮಾ ಹುರಿದ ಗೇರುಬೀಜದ ಸಿಪ್ಪೆಯ ಬಣ್ಣದ್ದು, ನಡುನಡುವೆ ಹುಲಿಯ ಮೈಯಂತೆ ಗಾಢ ಗೆರೆಗಳು. ಕಣ್ಣಿಗೆ ಒಂದು ಗುಳ್ಳೆಯೂ ಬಿಡಿಯಾಗಿ ಕಾಣಬಾರದು. ಚಿಟಿಕೆ ಸಕ್ಕರೆ ಹಾಕಿದರೆ ಅದು ಕೆನೆಯ ಮೇಲೆ ಕ್ಷಣಹೊತ್ತು ನಿಂತು, ಆಮೇಲೆ ಮೆಲ್ಲಗೆ ಮುಳುಗಬೇಕು. ನಾನು ಸಕ್ಕರೆ ಹಾಕಿದ್ದು ಈ ಪರೀಕ್ಷೆಗಾಗಿ ಒಂದೇ ದಿನ.

ಮೊದಲ ಗುಟುಕು ಬರೀ ಕೆನೆ. ಅದು ಕಹಿ, ತುಟಿಗೆ ತಾಗಿದ ಕೂಡಲೇ ಹುರಿಹಿಟ್ಟಿನ ಘಮ, ಹಿಂದೆಯೇ ಹುರಿಗಡಲೆ. ಇದನ್ನು ಗುಟುಕು ಅನ್ನುವುದಕ್ಕಿಂತ ಬಾಗಿಲು ತೆರೆಯುವುದು ಅನ್ನಬಹುದು. ಎರಡನೆಯದರಲ್ಲಿ ಕಾಫಿ ಬರುತ್ತದೆ, ಬಿಸಿಯಾಗಿ, ಭಾರವಾಗಿ. ನಾಲಿಗೆಯ ಎರಡೂ ಅಂಚಿಗೆ ಕಿತ್ತಳೆ ಸಿಪ್ಪೆ ಹಿಂಡಿದಂಥ ಸಣ್ಣ ಹುಳಿ ಮಿಂಚಿ ಮಾಯವಾಗುತ್ತದೆ; ಆ ಜಾಗಕ್ಕೆ ಕೋಕೋ ಪುಡಿಯ ಒಗರು ಬಂದು ಕೂರುತ್ತದೆ. ಮೂರನೆಯದು ತಳದ್ದು. ಅದು ಜೋನಿಬೆಲ್ಲದಷ್ಟು ಮಂದ. ಕಹಿಯೊಳಗಿನಿಂದಲೇ ಒಂದು ಸಿಹಿ ಮೇಲೆ ಬರುತ್ತದೆ, ಬೆಲ್ಲದ ಪಾಕ ಸೀಯುವುದಕ್ಕೆ ಒಂದು ಗಳಿಗೆ ಮುಂಚಿನ ವಾಸನೆಯ ಸಿಹಿ. ಕುಡಿದು ಹೊರಗೆ ಬಂದು, ಬೋರಾ ಗಾಳಿಗೆ ಮುಖ ಕೊಟ್ಟು ಕಾಲು ಗಂಟೆ ನಡೆದ ಮೇಲೂ ಅದು ಅಂಗುಳಿನಲ್ಲಿರುತ್ತದೆ. ಒತ್ತಡಕ್ಕೆ ಪುಡಿಯ ಎಣ್ಣೆ ಕಣಕಣವಾಗಿ ಒಡೆದು ನೀರಿನಲ್ಲಿ ಬೆರೆತಿರುತ್ತದೆ, ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ. ಪರಿಮಳವೆಲ್ಲ ಆ ಎಣ್ಣೆಯಲ್ಲಿ.

ಕೆನೆ ಯಾವಾಗಲೂ ಇರಲಿಲ್ಲ. 1884ರಲ್ಲಿ ಟುರಿನ್ನಿನ ಆಂಜೆಲೊ ಮೊರಿಯೊಂದೊ ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಅದನ್ನು ಒಂದೊಂದೇ ಕಪ್ಪು ಇಳಿಸುವಂತೆ ಮಾಡಿದ; ದೆಸಿದೇರಿಯೊ ಪಾವೋನಿ ಆ ಹಕ್ಕು ಕೊಂಡು ಯಂತ್ರವನ್ನು ಅಂಗಡಿಗಳಿಗೆ ತಲುಪಿಸಿದ. ಆದರೆ ಹಬೆಗೆ ಬಿಸಿ ಜಾಸ್ತಿ, ಒತ್ತಡ ಕಡಿಮೆ. ಕಾಫಿ ಬೇಗ ಬರುತ್ತಿತ್ತು, ಸೀದು ಬರುತ್ತಿತ್ತು. ಮಿಲಾನಿನ ಕಾಫಿ ಅಂಗಡಿಯ ಅಕಿಲ್ಲೆ ಗಾಜಾ ಎಂಬಾತ ಹಬೆಯನ್ನೇ ಬಿಟ್ಟು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸ್ಪ್ರಿಂಗಿನ ಸನ್ನೆಗೋಲಿನಿಂದ ಬಿಸಿನೀರನ್ನು ಒತ್ತುವ ಯಂತ್ರ ತಂದ. ಆಗ ಕಪ್ಪಿನ ಮೇಲೆ ಹಿಂದೆಂದೂ ಕಾಣದ ನೊರೆ ಬಂತು. ಇದೇನು ಕೊಳೆ ಎಂದು ಗಿರಾಕಿಗಳು ಕೇಳಿದರಂತೆ. ಆತ ಅದಕ್ಕೆ ಕಾಫಿಯ ಕೆನೆ ಎಂದು ಹೆಸರಿಟ್ಟ. 1961ರಲ್ಲಿ ಫಾಯೆಮಾ ಕಂಪನಿ ತೋಳ್ಬಲದ ಬದಲು ಪಂಪು ಇಟ್ಟು ‘ಇ61’ ಯಂತ್ರ ಹೊರತಂದಿತು. ಆ ವರ್ಷ ಇಟಲಿಯಲ್ಲಿ ಕಂಡ ಸೂರ್ಯಗ್ರಹಣದಿಂದ ಅದಕ್ಕೆ ಆ ಹೆಸರು. ಅಂದರೆ ಇವತ್ತು ನಾವು ಎಸ್ಪ್ರೆಸೊ ಅನ್ನುವ ಈ ಕೆನೆಗಟ್ಟಿದ ಪಾನೀಯ ನಮ್ಮ ಮಾವನವರಿಗಿಂತ ಚಿಕ್ಕದು.

ಹತ್ತನೆಯ ದಿನವೋ ಏನೋ, ಬೀಜ ತುಂಬಿದ ಗಾಜಿನ ಭರಣಿಯ ಪಕ್ಕದ ಸೀಮೆಸುಣ್ಣದ ಹಲಗೆಯನ್ನು ಮಗಳು ಓದಿ ಹೇಳಿದಳು. ಬ್ರೆಜಿಲ್, ಗ್ವಾಟೆಮಾಲಾ, ಇಂಡಿಯಾ. ಇಂಡಿಯಾದ್ದು ಯಾವುದು, ಅರೇಬಿಕಾವೇ ಎಂದು ಕೇಳಿಸಿದೆ. ‘ರೊಬಸ್ಟಾ. ತೊಳೆದದ್ದು’ ಎಂದಳು ಆ ಹೆಂಗಸು. ಆಮೇಲೆ ಕ್ರೇಮಾವನ್ನು ತೋರಿಸಿ, ‘ಇದು ನಿಲ್ಲುವುದು ಅದರಿಂದ’ ಎಂದಳು.

ನನಗೆ ಬಹಳ ಹೊತ್ತು ಮಾತೇ ಹೊರಡಲಿಲ್ಲ. ನಮ್ಮದು ಹನ್ನೊಂದು ಎಕರೆ. ಅದರಲ್ಲಿ ಏಳು ಎಕರೆ ರೊಬಸ್ಟಾ. ಆದರೂ ನಮ್ಮ ಮನೆಯಲ್ಲಿ ರೊಬಸ್ಟಾ ಕುಡಿದವರಿಲ್ಲ. ಮನೆಗೆ ಅರೇಬಿಕಾ, ಅದರಲ್ಲೂ ಒಂಟಿಬೀಜದ ಪೀಬರಿ; ರೊಬಸ್ಟಾ ಚೀಲಕ್ಕೆ. ಆಳುಗಳ ಲೈನ್ ಮನೆಗಳಲ್ಲಿ ಬೆಲ್ಲ ಹಾಕಿ ಕಾಯಿಸುವ ಕರಿ ಕಾಫಿಗೆ ಹಕ್ಕಲು ಕಾಯಿಯ ಪುಡಿ. ರೊಬಸ್ಟಾ ಎಂದರೆ ಒರಟು, ಕಹಿ, ಔಟ್‌ಟರ್ನ್ (ಹಣ್ಣಿನಿಂದ ಬೀಜ ಇಳಿಯುವ ಪ್ರಮಾಣ) ಜಾಸ್ತಿ, ರೋಗ ಕಡಿಮೆ, ಸಾಲ ತೀರಿಸುವ ಗಿಡ. ರುಚಿಯ ಮಾತಿನಲ್ಲಿ ಅದನ್ನು ಯಾರೂ ಎತ್ತುತ್ತಿರಲಿಲ್ಲ.

ಅದಕ್ಕೆ ಕಥೆಯೂ ಇಲ್ಲ ನೋಡಿ. ಅರೇಬಿಕಾಕ್ಕೆ ಇಥಿಯೋಪಿಯಾದ ಕಾಡಿದೆ, ಯೆಮನ್ನಿನ ಮೋಕಾ ಬಂದರಿದೆ, ಬಾಬಾಬುಡನ್‌ ಅವರು ಚಂದ್ರದ್ರೋಣ ಪರ್ವತಕ್ಕೆ ತಂದರು ಎನ್ನುವ ಏಳು ಬೀಜಗಳಿವೆ. ರೊಬಸ್ಟಾ ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಬಿಸಿ ಕಾಡುಗಳದ್ದು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗ ಅಲ್ಲಿನ ಅರೇಬಿಕಾ ತೋಟಗಳನ್ನು ನೆಲಕ್ಕೆ ಹಾಕಿತು. ನಮ್ಮಲ್ಲಿಗೂ ಬಂತು, ಜಾವಾಕ್ಕೂ ಹೋಯಿತು. ತುಕ್ಕಿಗೆ ಬಗ್ಗದ ಗಿಡ ಯಾವುದೆಂದು ಹುಡುಕುವಾಗ, 1900ರ ಆಸುಪಾಸಿನಲ್ಲಿ, ಕಾಂಗೋದ ಈ ಜಾತಿ ತೋಟಗಳಿಗೆ ಬಂತು. ಕಷ್ಟಕ್ಕಾದ ನೆಂಟ. ಗಿಡಗಳ ವಂಶ ಬಿಡಿಸಿದವರು ಈಗ ಹೇಳುವ ಮಾತು ಇನ್ನೂ ಸೊಗಸಾಗಿದೆ: ಬಹಳ ಹಿಂದೆ ಎರಡು ಕಾಡುಜಾತಿಗಳು ಕೂಡಿ ಹುಟ್ಟಿದ್ದು ಅರೇಬಿಕಾ, ಆ ಎರಡರಲ್ಲಿ ಒಂದು ರೊಬಸ್ಟಾದ ಜಾತಿಯೇ. ಮನೆಯೊಳಗೆ ಮಗಳನ್ನು ಕೂರಿಸಿ ತಾಯಿಯನ್ನು ಕಣದಲ್ಲಿ ನಿಲ್ಲಿಸಿದ ಹಾಗಾಯಿತಲ್ಲ ನಾವು ಮಾಡಿದ್ದು.

ಆ ಹೆಂಗಸು ಹೇಳಿದ್ದರ ಕಾರಣ ಹೀಗಿದೆ. ಹುರಿಯುವಾಗ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ಹುಟ್ಟಿ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಒತ್ತಡದಲ್ಲಿ ಅದು ನೀರಿನಲ್ಲಿ ಕರಗಿ, ಹೊರಗಿನ ಗಾಳಿಗೆ ಬಂದ ಕೂಡಲೇ ಲಕ್ಷಾಂತರ ಸಣ್ಣ ಗುಳ್ಳೆಗಳಾಗಿ ಏಳುತ್ತದೆ. ಆದರೆ ಎಣ್ಣೆ ನೊರೆಯ ವೈರಿ. ಬೇಯುವ ಬೇಳೆ ಉಕ್ಕಿದರೆ ಒಂದು ಹನಿ ಎಣ್ಣೆ ಬಿಡುತ್ತೇವಲ್ಲ, ಹಾಗೆ. ಅರೇಬಿಕಾದಲ್ಲಿ ಎಣ್ಣೆ ಹೆಚ್ಚು, ಪರಿಮಳವೂ ಹೆಚ್ಚು, ಕೆನೆ ಬೇಗ ಒಡೆಯುತ್ತದೆ. ರೊಬಸ್ಟಾದಲ್ಲಿ ಎಣ್ಣೆ ಕಡಿಮೆ, ಕೆಫೀನ್ ಸುಮಾರು ಎರಡು ಪಟ್ಟು. ಅದರ ಕೆನೆ ದಪ್ಪಗೆ ಕಟ್ಟಿ ನಿಲ್ಲುತ್ತದೆ. ಆ ಮೊದಲ ಗುಟುಕಿನ ಹುರಿಹಿಟ್ಟು, ಆ ಮೂರನೆಯ ಗುಟುಕಿನ ಭಾರ, ಅವು ನಮ್ಮ ಚೀಲಕ್ಕೆ ಹಾಕಿದ್ದರ ಕೊಡುಗೆ. ನಡುವೆ ಮಿಂಚಿದ ಕಿತ್ತಳೆ ಅರೇಬಿಕಾದ್ದು.

ಇಟಲಿಯ ದಿನಬಳಕೆಯ ಕಾಫಿ ಒಂದೇ ತೋಟದ್ದಲ್ಲ, ಒಂದೇ ದೇಶದ್ದೂ ಅಲ್ಲ. ಅದು ಬೆರಕೆ, ನಮ್ಮ ಸಾರಿನ ಪುಡಿಯಂತೆ. ಬ್ರೆಜಿಲ್‌ನದು ತಳಪಾಯ, ಮಧ್ಯ ಅಮೆರಿಕದ್ದು ಹುಳಿ, ಹೂವಿನ ವಾಸನೆ, ರೊಬಸ್ಟಾ ಮೈಕಟ್ಟು. ಉತ್ತರದ ಊರುಗಳಲ್ಲಿ ಅರೇಬಿಕಾದ ಪಾಲು ಹೆಚ್ಚು, ಹುರಿದದ್ದು ಹದ. ತ್ರಿಯೆಸ್ತೆಯಲ್ಲೇ 1933ರಲ್ಲಿ ಶುರುವಾದ ‘ಇಲ್ಲಿ’ ಎಂಬ ಹೆಸರಿನ ಕಂಪನಿ ಪೂರ್ತಿ ಅರೇಬಿಕಾವನ್ನೇ ಬಳಸುತ್ತದೆ. ದಕ್ಷಿಣಕ್ಕೆ ಹೋದಂತೆ ರೊಬಸ್ಟಾ ಏರುತ್ತದೆ, ಬೀಜ ಕಪ್ಪಾಗುತ್ತದೆ, ಕೆನೆ ದಟ್ಟವಾಗುತ್ತದೆ. ನೇಪಲ್ಸಿನವರು ಅದರ ಮೇಲೆ ಸಕ್ಕರೆ ಹಾಕಿ ಕುಡಿಯುತ್ತಾರೆ, ಮತ್ತು ಮನಸ್ಸು ಬಂದರೆ ಎರಡು ಕಾಫಿಗೆ ದುಡ್ಡು ಕೊಟ್ಟು ಒಂದನ್ನು ಮುಂದೆ ಬರುವ ಯಾರೋ ಇಲ್ಲದವರಿಗೆ ಬಿಟ್ಟುಹೋಗುತ್ತಾರೆ. ಯಾವುದು ಮೇಲು ಎಂದು ನಾನು ಹೇಳಲಾರೆ. ಆದರೆ ಒಂದೇ ತೋಟದ, ಒಂದೇ ಇಳಿಜಾರಿನ ಕಾಫಿಯನ್ನು ಹೊಗಳುವ ಈ ಕಾಲದಲ್ಲಿ, ಕಟ್ಟೆಯ ಮೇಲೆ ದಿನವೂ ಒಂದೇ ರುಚಿ ಕೊಡುವ ಬೆರಕೆಯವನ ವಿದ್ಯೆ ನನಗೆ ಹೆಚ್ಚು ದೊಡ್ಡದಾಗಿ ಕಾಣುತ್ತದೆ. ಬೆಳೆ ಪ್ರತಿ ವರ್ಷ ಬದಲಾಗುತ್ತದೆ. ರುಚಿ ಬದಲಾಗದ ಹಾಗೆ ಅವನು ನೋಡಿಕೊಳ್ಳಬೇಕು.

ಭಾರತದ ಕಾಫಿಯ ಅತಿ ದೊಡ್ಡ ಗಿರಾಕಿ ಎಷ್ಟೋ ವರ್ಷಗಳಿಂದ ಇಟಲಿ. ನಮ್ಮ ದೇಶದ ಬೆಳೆಯಲ್ಲಿ ಮುಕ್ಕಾಲಿಗೆ ಹತ್ತಿರ ಕರ್ನಾಟಕದ್ದು: ಕೊಡಗು, ಚಿಕ್ಕಮಗಳೂರು, ಹಾಸನ. ಅದರಲ್ಲಿ ರೊಬಸ್ಟಾವೇ ಹೆಚ್ಚು. ಇದು ನನಗೆ ಗೊತ್ತಿತ್ತು, ಪತ್ರಿಕೆಯಲ್ಲಿ ಓದಿದ್ದೆ. ನಾಲಿಗೆಗೆ ಗೊತ್ತಿರಲಿಲ್ಲ. ನಾನು ಮದುವೆಯಾಗಿ ಬಂದಾಗ ಪೂಲ್ ಕಾಲ. ಬೆಳೆದದ್ದೆಲ್ಲ ಕಾಫಿ ಬೋರ್ಡಿಗೆ ಕೊಡಬೇಕು, ಎಲ್ಲರದೂ ಸೇರಿ ಎಲ್ಲೆಲ್ಲಿಗೋ ಹೋಗುತ್ತಿತ್ತು. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ಕಳಚಿತು. ಆಮೇಲೂ ನಮ್ಮಂಥವರಿಗೆ ಕಾಫಿಯ ದಾರಿ ಕ್ಯೂರಿಂಗ್ ವರ್ಕ್ಸಿನ ಗೇಟಿನವರೆಗೆ ಮಾತ್ರ ಕಾಣುತ್ತಿತ್ತು.

ಆ ಕಪ್ಪಿನ ಮುಂದೆ ನಿಂತು ನಾನು ನೆನೆದದ್ದು ಹೂವನ್ನು. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೀಳಬೇಕು. ಬೀಳದಿದ್ದರೆ ಕೆರೆಗೆ ಪಂಪು ಇಟ್ಟು ಸ್ಪ್ರಿಂಕ್ಲರಿನಲ್ಲಿ ನಾವೇ ಮಳೆ ಮಾಡಬೇಕು. ಒಂದು ವಾರ, ಹತ್ತು ದಿನ ಕಳೆದು ಒಂದು ಮುಂಜಾನೆ ಎದ್ದರೆ ಗಿಡಗಳೆಲ್ಲ ಬೆಳ್ಳಗೆ, ಮಲ್ಲಿಗೆಗೆ ಹತ್ತಿರದ ವಾಸನೆ, ತೋಟವಿಡೀ ಹೆಜ್ಜೇನಿನ ಮೊರೆತ. ಅರೇಬಿಕಾ ತನ್ನ ಹೂವಿನಲ್ಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾಕ್ಕೆ ಪಕ್ಕದ ಗಿಡದ ಪರಾಗವೇ ಬೇಕು. ಗಾಳಿ ಬೇಕು, ಜೇನು ಬೇಕು. ಎರಡು ಮೂರು ದಿನ ಅಷ್ಟೇ ಆ ಹೂವು. ಅಲ್ಲಿಂದ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು, ಒಂದು ಇಡೀ ಮಳೆಗಾಲ ಗಿಡದ ಮೇಲೆಯೇ ನೆನೆದು.

ಬಹುಪಾಲು ನಾವು ಮಾಡುವುದು ಚೆರ್ರಿ. ಹಣ್ಣನ್ನು ಹಾಗೇ ಕಣದಲ್ಲಿ ಹರವಿ, ದಿನಕ್ಕೆ ನಾಲ್ಕಾರು ಸಲ ಕೆದಕಿ, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚಿ, ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನುವವರೆಗೆ. ಪಾರ್ಚ್‌ಮೆಂಟ್, ಅಂದರೆ ತೊಳೆದ ಕಾಫಿ, ಮಾಡಲು ಹಣ್ಣನ್ನೇ ಆರಿಸಿ ಕೊಯ್ಯಬೇಕು, ಅದೇ ದಿನ ಸಿಪ್ಪೆ ಸುಲಿಯುವ ಪಲ್ಪರಿಗೆ ಹಾಕಬೇಕು. ರೊಬಸ್ಟಾ ಬೀಜದ ಅಂಟು ಅರೇಬಿಕಾದ್ದಕ್ಕಿಂತ ಹಟಮಾರಿ, ಬೇಗ ಬಿಡುವುದಿಲ್ಲ. ನೀರು ಬೇಕು, ಆಳು ಬೇಕು. ಹಾಗಾಗಿ ಅದು ಸಣ್ಣ ಬೆಳೆಗಾರರ ಕೈಗೆ ಎಟುಕುವುದು ಕಡಿಮೆ. ಆದರೆ ತೊಳೆದ ರೊಬಸ್ಟಾದ ರುಚಿ ಶುಚಿ, ಅದರ ಕಹಿಗೆ ಮಣ್ಣಿನ ಕಮಟು ಇಲ್ಲ. ಅದರಲ್ಲೂ ಆಯ್ದದ್ದಕ್ಕೆ ‘ಕಾಪಿ ರಾಯಲ್’ ಎಂಬ ಹೆಸರಿದೆ. ನೆರಳು ಮರಗಳ ಕೆಳಗೆ ನಿಧಾನವಾಗಿ ಬಲಿತ, ಕೈಯಲ್ಲಿ ಕೊಯ್ದ ನಮ್ಮ ರೊಬಸ್ಟಾಕ್ಕೆ ಲಂಡನ್ ಮಾರುಕಟ್ಟೆಯ ದರದ ಮೇಲೆ ಒಂದಿಷ್ಟು ಹೆಚ್ಚೇ ಸಿಗುವುದು ಇದೇ ಗುಣಕ್ಕೆ.

ಮಂಗಳೂರಿನ ಗೋದಾಮುಗಳ ಇನ್ನೊಂದು ಕೈಚಳಕವೂ ಈ ಬೆರಕೆಗಳಿಗೆ ಸೇರುತ್ತದೆ. ಹಾಯಿ ಹಡಗಿನ ಕಾಲದಲ್ಲಿ ಕಾಫಿ ಆಫ್ರಿಕಾ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಕಡಲಿನ ತೇವಕ್ಕೆ ಬೀಜ ಉಬ್ಬಿ, ಹುಳಿ ಕಳೆದು, ಹೊಂಬಣ್ಣಕ್ಕೆ ತಿರುಗುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪಯಣ ಚಿಕ್ಕದಾದಾಗ ಆ ರುಚಿಯೂ ಹೋಯಿತು, ಕುಡಿಯುವವರು ಅದನ್ನೇ ಕೇಳಿದರು. ಆಗ ನಮ್ಮವರು ಗೋದಾಮಿನ ಬದಿ ತೆರೆದಿಟ್ಟು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಜಕ್ಕೆ ಮುಂಗಾರಿನ ಗಾಳಿ ಕುಡಿಸತೊಡಗಿದರು. ಅದೇ ಮಾನ್ಸೂನ್ಡ್ ಮಲಬಾರ್. ಬೋರಾ ಬೀಸುವ ಊರಿನಲ್ಲಿ ಕರಾವಳಿಯ ಆಷಾಢವನ್ನು ಹುರಿದು ಕುಡಿಯುತ್ತಾರೆ ಎನ್ನುವುದನ್ನು ನೆನೆದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ.

ಊರಿಗೆ ಬಂದ ವಾರವೇ ರೊಬಸ್ಟಾ ಕುಯ್ಲು. ನಾನು ಹಟ ಹಿಡಿದು ಒಂದು ಚೀಲದಷ್ಟು ಕಡುಕೆಂಪು ಹಣ್ಣು ಆರಿಸಿ, ಪಲ್ಪರ್ ಮಾಡಿಸಿ, ಅಂಟು ಬಿಡುವವರೆಗೆ ಎರಡು ದಿನ ಕಾದು, ತೊಳೆದು ಒಣಗಿಸಿದೆ. ಏಪ್ರಿಲ್‌ನಲ್ಲಿ ರಜೆಗೆ ಬಂದ ಮಗಳು ಕೈಯಲ್ಲಿ ಒತ್ತುವ ಪುಟ್ಟ ಎಸ್ಪ್ರೆಸೊ ಸಾಧನ ತಂದಳು. ಬೀಜವನ್ನು ಬಾಣಲೆಯಲ್ಲಿ ನಾನೇ ಹುರಿದೆ. ಹುರಿದ ಮರುದಿನ ಮಾಡಿದರೆ ಗಾಳಿ ತುಂಬಿ ನೊರೆ ಸಾಬೂನಿನಂತೆ ಬಂದು ಇಳಿದುಹೋಯಿತು. ಒಂದು ವಾರ ಬಿಟ್ಟು ಮಾಡಿದೆ. ಎರಡು ಪಾಲು ನಮ್ಮ ಅರೇಬಿಕಾ, ಒಂದು ಪಾಲು ರೊಬಸ್ಟಾ. ಅಂಗಡಿಯ ಯಂತ್ರದ ಹದ ಬರಲಿಲ್ಲ, ಆದರೆ ಕೆನೆ ಕಟ್ಟಿತು, ನಿಂತಿತು.

ಮಾವನವರಿಗೆ ಎಂಬತ್ತೆರಡು. ಜಗಲಿಯಲ್ಲಿ ಕೂತಿದ್ದವರ ಕೈಗೆ ಪುಟ್ಟ ಕಪ್ಪು ಕೊಟ್ಟೆ. ಇಷ್ಟೇ ಏನಮ್ಮ ಎಂಬಂತೆ ನನ್ನ ಮುಖ ನೋಡಿದರು. ಎರಡೇ ಗುಟುಕಿಗೆ ಮುಗಿಸಿ, ಸುಮ್ಮನೆ ತೋಟದ ಕಡೆ ನೋಡುತ್ತಾ ಕೂತರು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಹೇಳಿಕೊಡದೆಯೇ, ಖಾಲಿ ಕಪ್ಪನ್ನು ಮೂಗಿನ ಹತ್ತಿರ ಹಿಡಿದರು. ಕಾಫಿ ಪರೀಕ್ಷೆ ಮಾಡುವವರು ಕೊನೆಗೆ ಮಾಡುವುದೂ ಅದನ್ನೇ. ಬರಿದಾದ ಕಪ್ಪಿನಲ್ಲಿ ಉಳಿಯುವ ವಾಸನೆ ಸುಳ್ಳು ಹೇಳುವುದಿಲ್ಲ.

‘ಇದರಲ್ಲಿ ರೊಬಸ್ಟಾ ಹಾಕಿದ್ದೀಯ’ ಎಂದರು.

‘ಹೂಂ ಮಾವ, ಮೂರನೇ ಒಂದು ಪಾಲು.’

‘ಹೊಸ ಸಿ ಇಂಟು ಆರ್ ತಳಿಯದೋ, ಕೆರೆ ಮೇಲಿನ ಹಳೇ ಪೆರಿಡೇನಿಯಾದ್ದೋ?’

‘ಕೆರೆ ಮೇಲಿನದು.’

ಅವು ಅವರೇ ಹಾಕಿದ ಗಿಡಗಳು. ಕಪ್ಪನ್ನು ಇನ್ನೊಮ್ಮೆ ಮೂಗಿಗೆ ಹಿಡಿದರು. ನಾನು ತೊಳೆಯಲು ಕೈ ಚಾಚಿದರೆ ಕೊಡಲಿಲ್ಲ.